ಪದಕದ ಚಿಂತೆ ಬಿಟ್ಟು ಕುದುರೆ ಷೋಗೆ ಹೋಗುವುದು ಹೇಗೆ? ಹವ್ಯಾಸಿ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಷೋಗೆ ಹೋಗಿ ಬಂದವರನ್ನು ನಾವು ಮೊದಲು ಕೇಳುವುದು ‘ಏನು ಬಂತು?’ ಅಂತ. ರಿಬ್ಬನ್ ಬಂತಾ, ಎಷ್ಟನೇ ಸ್ಥಾನ, ಎಷ್ಟು ಪರ್ಸೆಂಟ್. ಕುದುರೆ ಹೇಗಿತ್ತು ಅಂತ ಕೇಳುವವರು ಕಡಿಮೆ.

ಬೆಂಗಳೂರಿನಲ್ಲಿ ಸವಾರಿ ಕಲಿಯುವವರಿಗೆ ಷೋ ದೂರದ ಮಾತಲ್ಲ. ಅಗರಂನಲ್ಲಿ ಸೇನೆಯ ರೈಡಿಂಗ್ ಕ್ಲಬ್ ಇದೆ. ನಗರದ ಉತ್ತರಕ್ಕೆ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಇದೆ. ಇದೇ ಊರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ (ಮೂರು ಬಗೆಯ ಸವಾರಿ ಸೇರಿದ ಸ್ಪರ್ಧೆ) ವೈಯಕ್ತಿಕ ಬೆಳ್ಳಿ, ತಂಡದ ಬೆಳ್ಳಿ ಎರಡನ್ನೂ ತಂದರು. ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಅಂಥ ಸಾಧನೆ ಕಣ್ಣೆದುರು ಇರುವಾಗ ಷೋ ಅಂದರೆ ಪದಕ ಅಂತಲೇ ಅನ್ನಿಸುವುದು ಸಹಜ, ಅಲ್ವಾ?

ಆದರೆ ಕಚೇರಿಗೆ ಹೋಗುವ ಮೊದಲು ಬೆಳಗಿನ ಜಾವ ಲಾಯಕ್ಕೆ ಬರುವವರು, ನಲವತ್ತು ದಾಟಿದ ಮೇಲೆ ಲಗಾಮು ಹಿಡಿದವರು, ಬಾಡಿಗೆ ಕುದುರೆ ಮೇಲೆ ಕಲಿಯುವ ಮಕ್ಕಳು, ಇವರಿಗೂ ಷೋದಲ್ಲಿ ಜಾಗ ಇದೆ. ಈ ಆಟದಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಸ್ಪರ್ಧಿಸುತ್ತಾರೆ. ವಯಸ್ಸಿಗೂ ಗಡಿ ಇಲ್ಲ. ಜಪಾನಿನ ಹಿರೋಶಿ ಹೊಕೆತ್ಸು 1964ರಲ್ಲಿ ಒಮ್ಮೆ ಒಲಿಂಪಿಕ್ಸ್‌ನಲ್ಲಿ ಸವಾರಿ ಮಾಡಿದ್ದರು. 2012ರಲ್ಲಿ ಲಂಡನ್ನಿಗೆ ಮತ್ತೆ ಬಂದಾಗ ಅವರಿಗೆ 71 ವರ್ಷ.

ನನ್ನ ನಂಬಿಕೆ ಇಷ್ಟು: ಷೋದ ಖುಷಿ ತಾನಾಗಿ ಬರುವುದಿಲ್ಲ. ಅದಕ್ಕೂ ತಯಾರಿ ಬೇಕು. ಗೆಲ್ಲುವ ಆಸೆ ಬಿಟ್ಟರೆ ಸಾಕು, ಎಲ್ಲ ಹಗುರ ಆಗುತ್ತದೆ ಅಂತ ಸುಮ್ನೆ ಹೊರಟವರು ಸಂಜೆಗೆ ಸುಸ್ತಾಗಿ, ಬೇಸರ ಹೊತ್ತು ಮರಳುತ್ತಾರೆ. ಏನನ್ನು ಅಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡವರಿಗೆ ಮಾತ್ರ ದಿನ ಚೆನ್ನಾಗಿರುತ್ತದೆ. ಕೆಳಗಿನ ಹೆಜ್ಜೆಗಳು ಡ್ರೆಸಾಜ್ (ಕುದುರೆಯಿಂದ ನಿಗದಿತ ಚಲನೆಗಳನ್ನು ಮಾಡಿಸಿ ತೋರಿಸುವುದು) ಮತ್ತು ಅಡೆತಡೆ ಹಾರಿಸುವ ಷೋ ಜಂಪಿಂಗ್‌ನ ಆರಂಭದ ಮಟ್ಟಕ್ಕೆ ಹೊಂದುವಂಥವು.

1. ಮೂರು ಸಾಲು ಬರೆದಿಡಿ

ಅರ್ಜಿ ತುಂಬುವ ಮೊದಲೇ ಈ ಕೆಲಸ ಆಗಲಿ. ಒಂದು ಸಾಲು ಕುದುರೆ ಬಗ್ಗೆ, ಒಂದು ನಿಮ್ಮ ಸವಾರಿ ಬಗ್ಗೆ, ಒಂದು ಆ ದಿನದ ಬಗ್ಗೆ.

ಸಾಲು ಆದಷ್ಟು ನಿರ್ದಿಷ್ಟವಾಗಿರಬೇಕು. ‘ಚೆನ್ನಾಗಿ ಮಾಡಬೇಕು’ ಅಂತ ಬರೆದರೆ ಅದನ್ನು ಅಳೆಯಲು ಆಗುವುದಿಲ್ಲ. ‘ಹೊಸ ಜಾಗದಲ್ಲಿ ಹತ್ತು ನಿಮಿಷದೊಳಗೆ ಕುದುರೆ ತಲೆ ಇಳಿಸಿ ನಡೆಯಬೇಕು’ ಅಂತ ಬರೆಯಿರಿ. ‘ಪ್ರತಿ ತಿರುವಿನಲ್ಲೂ ಉಸಿರು ಬಿಡುತ್ತೇನೆ, ಮುಂದಿನ ಜಂಪ್ ಕಡೆ ನೋಡುತ್ತೇನೆ’ ಅಂತ ಬರೆಯಿರಿ. ದಿನದ ಬಗ್ಗೆ ‘ನನ್ನ ಸರದಿ ಮುಗಿದ ಮೇಲೆ ಕೂತು ಇತರರ ಸವಾರಿ ನೋಡುತ್ತೇನೆ’ ಅಂದರೂ ಸಾಕು.

ಈ ಮೂರೂ ನಿಮ್ಮ ಕೈಯಲ್ಲಿರುವ ಸಂಗತಿಗಳು. ಸ್ಥಾನ ನಿಮ್ಮ ಕೈಯಲ್ಲಿಲ್ಲ. ಅವತ್ತು ಯಾರು ಬರುತ್ತಾರೆ, ಅವರ ಕುದುರೆ ಎಂಥದ್ದು, ತೀರ್ಪುಗಾರರ ಕಣ್ಣಿಗೆ ಏನು ಬಿತ್ತು, ಇದ್ಯಾವುದನ್ನೂ ನೀವು ತಿದ್ದಲಾರಿರಿ. ಬರೆದ ಸಾಲುಗಳನ್ನು ಕೋಚ್‌ಗೂ ತೋರಿಸಿ. ನಿಮಗೆ ಏನು ಬೇಕು ಅಂತ ಅವರಿಗೆ ಗೊತ್ತಿಲ್ಲದಿದ್ದರೆ ಅವರು ಗೆಲ್ಲಿಸಲು ನೋಡುತ್ತಾರೆ. ಅದು ಅವರ ಕೆಲಸ, ತಪ್ಪಲ್ಲ.

2. ಮನೆಯಲ್ಲಿ ಮಾಡುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ವರ್ಗ ಆರಿಸಿ

ಮನೆಯ ಅರೀನಾದಲ್ಲಿ 80 ಸೆಂಟಿಮೀಟರ್ ಆರಾಮಾಗಿ ಹಾರಿಸುವವರು ಮೊದಲ ಷೋದಲ್ಲಿ 60ಕ್ಕೆ ಹೆಸರು ಕೊಡಿ. ಹೊಸ ಜಾಗ, ಮೈಕಿನ ಶಬ್ದ, ಅಪರಿಚಿತ ಕುದುರೆಗಳು, ನಿಮ್ಮ ಎದೆಬಡಿತ, ಇವೆಲ್ಲ ಸೇರಿ ಆ 20 ಸೆಂಟಿಮೀಟರನ್ನು ತಿಂದು ಹಾಕುತ್ತವೆ. ಡ್ರೆಸಾಜ್‌ನಲ್ಲೂ ಹಾಗೆಯೇ. ಕ್ಯಾಂಟರ್ (ನೆಗೆಯುವಂಥ ಓಟ) ಇನ್ನೂ ಗಟ್ಟಿಯಾಗಿಲ್ಲ ಅಂದರೆ ಬರೀ ವಾಕ್ (ನಡಿಗೆ) ಮತ್ತು ಟ್ರಾಟ್ (ಹಗುರ ಓಟ) ಇರುವ ಟೆಸ್ಟ್, ಅಂದರೆ ಚಲನೆಗಳ ಸರಣಿ, ಇದೆಯಾ ಅಂತ ಆಯೋಜಕರನ್ನು ಕೇಳಿ.

ಖುಷಿಗೆ ಹೋಗುವವರಿಗೆ ಹೇಳಿ ಮಾಡಿಸಿದಂಥ ಎರಡು ದಾರಿಗಳಿವೆ. ಒಂದು, ‘ಕ್ಲಿಯರ್ ರೌಂಡ್’ ಬಗೆಯ ವರ್ಗ. ಅಲ್ಲಿ ಗಡಿಯಾರದ ಜೊತೆ ಓಟವಿಲ್ಲ, ಮೊದಲನೆಯವರು ಎರಡನೆಯವರು ಅನ್ನುವುದಿಲ್ಲ. ಒಂದೂ ಕೋಲು ಬೀಳದೆ ಮುಗಿಸಿದವರಿಗೆಲ್ಲ ರಿಬ್ಬನ್. ಇನ್ನೊಂದು, ‘ಓರ್ ಕಾಂಕೂರ್’. ಆಯೋಜಕರು ಒಪ್ಪಿದರೆ ನೀವು ಎಲ್ಲರಂತೆ ಅರೀನಾಗೆ ಹೋಗಿ ಸವಾರಿ ಮಾಡಬಹುದು, ಆದರೆ ಫಲಿತಾಂಶದ ಲೆಕ್ಕಕ್ಕೆ ಬರುವುದಿಲ್ಲ. ಎಳೆ ಕುದುರೆಗೆ ಷೋ ರೂಢಿ ಮಾಡಿಸಲು ದೊಡ್ಡ ದೊಡ್ಡ ಸವಾರರೂ ಇದನ್ನೇ ಮಾಡುತ್ತಾರೆ. ಕೇಳಲು ಸಂಕೋಚ ಬೇಡ.

ಒಂದು ದಿನಕ್ಕೆ ಎರಡು ವರ್ಗ ಸಾಕು. ಶುಲ್ಕ ಕಟ್ಟಿದ್ದೇವೆ, ಕುದುರೆ ಹೇಗೂ ಬಂದಿದೆ, ಇನ್ನೊಂದಕ್ಕೂ ಇರಲಿ ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಮೂರನೇ ವರ್ಗದ ಹೊತ್ತಿಗೆ ಕುದುರೆ ದಣಿದಿರುತ್ತದೆ.

3. ಆ ದಿನ ಕುದುರೆಗೆ ಎಷ್ಟು ಕೆಲಸ?

ನಮ್ಮಲ್ಲಿ ಹೆಚ್ಚಿನ ಹವ್ಯಾಸಿಗಳಿಗೆ ಸ್ವಂತ ಕುದುರೆ ಇಲ್ಲ. ಶಾಲೆಯ ಕುದುರೆ ಮೇಲೆ ಷೋಗೆ ಹೋಗುತ್ತೇವೆ. ಅದರಲ್ಲಿ ಕೊರತೆ ಏನೂ ಇಲ್ಲ, ಆದರೆ ಒಂದು ಪ್ರಶ್ನೆ ಕೇಳಲೇಬೇಕು: ‘ಈ ಕುದುರೆ ಮೇಲೆ ಅವತ್ತು ಒಟ್ಟು ಎಷ್ಟು ಜನ ಹತ್ತುತ್ತಾರೆ?’ ನೀವು ಒಂದು ಸುತ್ತು ಹಾರಿಸಿ ಇಳಿಯುತ್ತೀರಿ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಪ್ರತಿಯೊಬ್ಬರಿಗೂ ವಾರ್ಮ್ ಅಪ್, ಪ್ರತಿಯೊಬ್ಬರಿಗೂ ಸುತ್ತು. ಲೆಕ್ಕ ಜಾಸ್ತಿ ಅನ್ನಿಸಿದರೆ ನಿಮ್ಮ ಹೆಸರು ಹಿಂತೆಗೆದುಕೊಳ್ಳಿ, ಯಾಕೆ ಅಂತ ವಿನಯವಾಗಿಯೇ ಹೇಳಿ. ಕುದುರೆಯ ಬೆವರಿನ ಮೇಲೆ ನಮ್ಮ ಖುಷಿ ಕಟ್ಟಬಾರದು.

ಕುದುರೆಗೆ ನೋವಿದೆಯಾ ಅಂತ ನೋಡುವುದನ್ನೂ ಕಲಿಯಬೇಕು. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಜೊತೆಗಾರರು ಸವಾರಿಯ ವೇಳೆ ಕುದುರೆ ತೋರುವ 24 ನಡವಳಿಕೆಗಳ ಪಟ್ಟಿ ಮಾಡಿದ್ದಾರೆ. ಅವುಗಳಲ್ಲಿ ಎಂಟೋ ಅದಕ್ಕಿಂತ ಹೆಚ್ಚೋ ಕಂಡರೆ ಮೂಳೆ, ಕೀಲು, ಸ್ನಾಯುವಿನಲ್ಲಿ ನೋವಿರುವ ಸಂಭವ ಹೆಚ್ಚು. ಕಿವಿ ಬಹಳ ಹೊತ್ತು ಹಿಂದಕ್ಕೆ ಮಡಚಿರುವುದು, ಬಾಲ ಮತ್ತೆ ಮತ್ತೆ ಬೀಸುವುದು, ಬಾಯಿ ತೆರೆದೇ ಇರುವುದು, ಪದೇ ಪದೇ ಎಡವುವುದು, ಹಿಂಗಾಲಿನ ತುದಿ ಎಳೆಯುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ‘ಹಟಮಾರಿ ಕುದುರೆ’ ಅಂತ ಹೆಸರು ಪಡೆದ ಎಷ್ಟೋ ಕುದುರೆಗಳಿಗೆ ನಿಜವಾಗಿ ಬೆನ್ನು ನೋಯುತ್ತಿರುತ್ತದೆ. ಷೋಗೆ ತಿಂಗಳು ಇರುವಾಗಲೇ ಯಾರಾದರೂ ನಿಮ್ಮ ಸವಾರಿಯ ವೀಡಿಯೊ ತೆಗೆಯಲಿ. ಅದನ್ನು ನಿಧಾನವಾಗಿ ನೋಡಿ. ಅನುಮಾನ ಬಂದರೆ ಮೊದಲು ಪಶುವೈದ್ಯರು, ಆಮೇಲೆ ಷೋ.

ಮೂಗುಪಟ್ಟಿಯನ್ನೂ ಗಮನಿಸಿ. ಮೂಗಿನ ಮೂಳೆಯ ಮೇಲೆ ಪಟ್ಟಿಯ ಅಡಿಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ 2025ರಲ್ಲಿ ಇದಕ್ಕೆಂದೇ ಅಳತೆ ಸಾಧನವನ್ನು ಜಾರಿಗೆ ತಂದಿದೆ.

4. ಕಾಗದಪತ್ರ ಮತ್ತು ಸಾಗಾಟ

ಸ್ಥಳೀಯ ಕೂಟಕ್ಕೆ ಹೆಚ್ಚೇನೂ ಬೇಕಾಗುವುದಿಲ್ಲ. ರಾಷ್ಟ್ರೀಯ ಮಟ್ಟದ ಕೂಟವಾದರೆ ಸವಾರರೂ ಕುದುರೆಯೂ ಎಕ್ವೆಸ್ಟ್ರಿಯನ್ ಫೆಡರೇಶನ್ ಆಫ್ ಇಂಡಿಯಾದಲ್ಲಿ ನೋಂದಣಿ ಆಗಿರಬೇಕು. ಯಾವುದೇ ಕೂಟವಿರಲಿ, ಪ್ರಾಸ್ಪೆಕ್ಟಸ್ ಪೂರ್ತಿ ಓದಿ. ಉಡುಪು, ಚಾಟಿಯ ಉದ್ದ, ಕಡಿವಾಣದ ಬಗೆ ಎಲ್ಲ ಅದರಲ್ಲೇ ಇರುತ್ತದೆ.

ಆರೋಗ್ಯದ ದಾಖಲೆ ಮಾತ್ರ ಸಡಿಲ ಬಿಡುವಂಥದ್ದಲ್ಲ. ಗ್ಲ್ಯಾಂಡರ್ಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಕುದುರೆಯಿಂದ ಮನುಷ್ಯರಿಗೂ ಹರಡಬಲ್ಲದು. ಅದಕ್ಕೆ ಲಸಿಕೆ ಇಲ್ಲ. ಹಾಗಾಗಿ ಹೊರಗಿನ ಕುದುರೆಗಳು ಸೇರುವ ಕಡೆ ರಕ್ತ ಪರೀಕ್ಷೆಯ ವರದಿ ಕೇಳುತ್ತಾರೆ. ಧನುರ್ವಾಯು ಮತ್ತು ಇನ್‌ಫ್ಲುಯೆಂಜಾ ಲಸಿಕೆ ಕಾಲಕ್ಕೆ ಸರಿಯಾಗಿ ಆಗಿದೆಯಾ ಅಂತಲೂ ಲಾಯದಲ್ಲಿ ಕೇಳಿಕೊಳ್ಳಿ. ಪರೀಕ್ಷೆಯ ವರದಿ ಬರಲು ಸಮಯ ಹಿಡಿಯುತ್ತದೆ. ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ.

ಲಾರಿ ಅಥವಾ ಟ್ರೇಲರ್ ಹತ್ತುವುದನ್ನು ಷೋದ ದಿನ ಕಲಿಸಲು ಆಗುವುದಿಲ್ಲ. ಕೆಲವು ವಾರ ಮುಂಚೆಯೇ ಶುರು ಮಾಡಿ. ನಿಂತ ವಾಹನದ ಹತ್ತಿರ ಹುಲ್ಲು ತಿನ್ನಿಸಿ. ಮರುದಿನ ಹಲಗೆ ಮೇಲೆ ಎರಡು ಕಾಲು ಇಡಿಸಿ ಇಳಿಸಿ. ಇನ್ನೊಂದು ದಿನ ಪೂರ್ತಿ ಹತ್ತಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಇಳಿಸಿ. ಆಮೇಲೆ ಒಂದು ಸಣ್ಣ ಸುತ್ತು. ಸಾಧ್ಯವಾದರೆ ಷೋ ನಡೆಯುವ ಜಾಗಕ್ಕೇ ಒಮ್ಮೆ ಕರೆದುಕೊಂಡು ಹೋಗಿ, ಕೈಯಲ್ಲಿ ಹಿಡಿದು ತಿರುಗಾಡಿಸಿ ವಾಪಸ್ ತನ್ನಿ. ಸ್ಪರ್ಧೆಯಿಲ್ಲದ ಆ ಭೇಟಿಯಷ್ಟು ಉಪಕಾರ ಮಾಡುವ ತಯಾರಿ ಇನ್ನೊಂದಿಲ್ಲ ಅನ್ನುವುದು ನನ್ನ ಅನುಭವ.

5. ಅಭ್ಯಾಸದ ವಾರಗಳು

ಡ್ರೆಸಾಜ್ ಟೆಸ್ಟನ್ನು ಮೊದಲು ನೆಲದ ಮೇಲೆ ಕಲಿಯಿರಿ. ಆರಂಭದ ಮಟ್ಟದಲ್ಲಿ ಅರೀನಾ ಸಾಮಾನ್ಯವಾಗಿ 20 ಮೀಟರ್ ಅಗಲ, 40 ಮೀಟರ್ ಉದ್ದ ಇರುತ್ತದೆ. ಸುತ್ತಲೂ ಅಕ್ಷರಗಳು: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಮನೆಯ ಹಾಲ್‌ನಲ್ಲಿ ಚೀಟಿಯ ಮೇಲೆ ಅಕ್ಷರ ಬರೆದು ಇಟ್ಟು, ನಿಮ್ಮ ಕಾಲಿನಲ್ಲೇ ಟೆಸ್ಟ್ ನಡೆಯಿರಿ. 20 ಮೀಟರ್ ವೃತ್ತ ಅಂದರೆ ಎಲ್ಲಿಂದ ಎಲ್ಲಿಗೆ ಅನ್ನುವುದು ಮೈಗೆ ಹತ್ತುತ್ತದೆ. ಕುದುರೆ ಮೇಲೆ ಇಡೀ ಟೆಸ್ಟನ್ನು ದಿನಾ ಮಾಡಬೇಡಿ. ಕುದುರೆಗೆ ಬಾಯಿಪಾಠ ಆಗಿಬಿಡುತ್ತದೆ. ನೀವು ಹೇಳುವ ಮೊದಲೇ ಅದು ತಿರುಗುತ್ತದೆ. ತುಣುಕು ತುಣುಕಾಗಿ, ಬೇರೆ ಬೇರೆ ಕ್ರಮದಲ್ಲಿ ಮಾಡಿ. ಟೆಸ್ಟನ್ನು ಜೋರಾಗಿ ಓದಿ ಹೇಳಲು ಒಬ್ಬರನ್ನು ನಿಲ್ಲಿಸಿಕೊಳ್ಳಲು ಸ್ಥಳೀಯ ಕೂಟಗಳಲ್ಲಿ ಅವಕಾಶ ಇರುವುದುಂಟು. ಇದ್ದರೆ ಬಳಸಿಕೊಳ್ಳಿ. ತಲೆಯ ಭಾರ ಅರ್ಧ ಇಳಿಯುತ್ತದೆ.

ಜಂಪಿಂಗ್‌ಗೆ ಹೋಗುವವರು ಎತ್ತರಕ್ಕಿಂತ ಬಣ್ಣ, ಆಕಾರಗಳ ಮೇಲೆ ಜಾಸ್ತಿ ಸಮಯ ಹಾಕಿ. ಕುದುರೆಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಸುತ್ತಲೂ ಸುಮಾರು 350 ಡಿಗ್ರಿ ನೋಡಬಲ್ಲದು, ಆದರೆ ಹಣೆಯ ಮುಂದೆಯೇ ಸ್ವಲ್ಪ ಜಾಗ ಅದಕ್ಕೆ ಕಾಣದು. ಬಿಸಿಲಿನಿಂದ ನೆರಳಿಗೆ ಹೋದಾಗ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೊತ್ತು ಬೇಕು. ಆದ್ದರಿಂದ ಜಂಪಿನ ಕೆಳಗೆ ಟಾರ್ಪಾಲು ಹಾಸಿ, ಹೂಕುಂಡ ಇಡಿ, ಕಂಬಕ್ಕೆ ಬಾವುಟ ಕಟ್ಟಿ, ತುಂಬಾ ಕಡಿಮೆ ಎತ್ತರದಲ್ಲಿ ಹಾರಿಸಿ. ಒಂದು ಕಡೆಯಿಂದ ನೋಡಿ ಸುಮ್ಮನಿದ್ದ ವಸ್ತುವನ್ನು ಇನ್ನೊಂದು ಕಡೆಯಿಂದ ಬರುವಾಗ ನೋಡಿ ಬೆಚ್ಚುವುದು ಮಾಮೂಲು. ಎರಡೂ ಕಡೆಯಿಂದ ತೋರಿಸಿ. ಮೊಬೈಲಿನಲ್ಲಿ ಚಪ್ಪಾಳೆ, ಮೈಕಿನ ಶಬ್ದ ಹಾಕಿ, ಮೊದಲು ಸಣ್ಣದಾಗಿ, ಆಮೇಲೆ ಸ್ವಲ್ಪ ಜೋರಾಗಿ.

ಕೊನೆಯ ಎರಡು ದಿನ ಏನನ್ನೂ ಹೊಸದಾಗಿ ಕಲಿಯಬೇಡಿ, ಕಲಿಸಬೇಡಿ.

6. ಹಿಂದಿನ ದಿನ

ಮೇವು ಬದಲಿಸಬೇಡಿ. ಲಾಯದಲ್ಲಿ ಹುರುಳಿ, ಬೂಸಾ ಕೊಡುತ್ತಿದ್ದರೆ ಅದನ್ನೇ, ಅಷ್ಟೇ ಅಳತೆಯಲ್ಲಿ ಕೊಡಲಿ. ‘ನಾಳೆ ಷೋ, ಶಕ್ತಿ ಬರಲಿ’ ಅಂತ ಒಂದು ಸೇರು ಹೆಚ್ಚು ಹಾಕುವುದು ಹೊಟ್ಟೆನೋವಿಗೆ ದಾರಿ. ಕುದುರೆಯ ಜಠರದಲ್ಲಿ ಆಮ್ಲ ನಿಲ್ಲದೆ ಸುರಿಯುತ್ತಿರುತ್ತದೆ, ಆದ್ದರಿಂದ ಹೊಟ್ಟೆ ತುಂಬಾ ಹೊತ್ತು ಖಾಲಿ ಇರಬಾರದು. ಸ್ವಲ್ಪ ಸ್ವಲ್ಪವಾಗಿ ಒಣಹುಲ್ಲು ಸಿಗುತ್ತಲೇ ಇರಲಿ, ದಾರಿಯಲ್ಲೂ.

ದೊಡ್ಡ ಕುದುರೆ ದಿನಕ್ಕೆ ಸುಮಾರು 25ರಿಂದ 45 ಲೀಟರ್ ನೀರು ಕುಡಿಯುತ್ತದೆ. ಸೆಕೆಯಲ್ಲಿ ಇನ್ನೂ ಜಾಸ್ತಿ. ಕೆಲವು ಕುದುರೆಗಳು ಹೊಸ ಊರಿನ ನೀರಿನ ವಾಸನೆಗೇ ಮೂಗು ತಿರುಗಿಸುತ್ತವೆ. ಲಾಯದ ಕೊಳಾಯಿಯ ನೀರನ್ನೇ ಎರಡು ಕ್ಯಾನ್ ತುಂಬಿಸಿಕೊಳ್ಳಿ, ಅದರ ಬಕೆಟ್ಟನ್ನೂ ಒಯ್ಯಿರಿ.

ಮಾಲೀಸು ನೀವೇ ಮಾಡಿ. ಬ್ರಶ್ ಹಿಡಿದು ಮೈಯೆಲ್ಲ ಸವರುವಾಗ ಎಲ್ಲಿ ಬಿಸಿ ಇದೆ, ಎಲ್ಲಿ ಮುಟ್ಟಿದರೆ ಚರ್ಮ ಅದುರುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. ಗೊರಸು ಎತ್ತಿ ಕೆರೆಯಿರಿ, ಲಾಳ ಸಡಿಲ ಇದೆಯಾ ನೋಡಿ. ಸೈಸ್ ಅಣ್ಣನ ಹತ್ತಿರ ಕೂತು ಮಾತಾಡಿ. ದಿನವಿಡೀ ಕುದುರೆಯ ಜೊತೆ ಇರುವವರು ಅವರು. ‘ಎರಡು ದಿನದಿಂದ ಲದ್ದಿ ಸರಿ ಇಲ್ಲ ಅಕ್ಕಾ’ ಅಂತ ಅವರು ಹೇಳುವ ಒಂದು ಮಾತು ನಮ್ಮ ಎಲ್ಲ ಪಟ್ಟಿಗಳಿಗಿಂತ ದೊಡ್ಡದು. ಮರುದಿನ ಅವರ ಊಟ, ನೆರಳು, ಕೂರಲು ಒಂದು ಜಾಗ, ಇದರ ಹೊಣೆ ನಿಮ್ಮದು.

ಹೆಲ್ಮೆಟ್ ಹಳೆಯದಾಗಿದ್ದರೆ, ಬಿದ್ದು ಪೆಟ್ಟು ತಿಂದಿದ್ದರೆ ಅದನ್ನು ಬಳಸಬೇಡಿ. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಪದರ ಹಾಳಾಗಿರಬಹುದು. ಹೊಸ ಬೂಟು, ಹೊಸ ಬ್ರೀಚಸ್ ಅವತ್ತೇ ಮೊದಲ ಸಲ ಹಾಕಬೇಡಿ.

7. ಬೆಳಗ್ಗೆ ತಲುಪಿದ ಮೇಲೆ

ನಿಮ್ಮ ಸರದಿಗೆ ಕನಿಷ್ಠ ಎರಡು ಗಂಟೆ ಮೊದಲು ಮೈದಾನದಲ್ಲಿರಿ. ಕುದುರೆಯನ್ನು ಇಳಿಸಿ, ನೀರು ತೋರಿಸಿ, ಕೈಯಲ್ಲಿ ಹಿಡಿದು ನಡೆಸಿ. ಹುಲ್ಲು ಸಿಕ್ಕಿದರೆ ಮೇಯಲಿ. ಅದು ತಲೆ ಇಳಿಸಿ ನಾಲ್ಕು ಎಸಳು ಕಿತ್ತು ತಿಂದರೆ ಮನಸ್ಸು ನೆಮ್ಮದಿಯಾಗುತ್ತಿದೆ ಅಂತ ಅರ್ಥ.

ಈ ಸಂಖ್ಯೆಗಳು ನೆನಪಿರಲಿ: ವಿರಾಮದಲ್ಲಿರುವ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ನೆಲ ಕೆರೆಯುವುದು, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುವುದು, ಮತ್ತೆ ಮತ್ತೆ ಮಲಗಿ ಏಳುವುದು ಕಂಡರೆ ಅದು ಕೋಲಿಕ್, ಅಂದರೆ ಹೊಟ್ಟೆನೋವು, ಇರಬಹುದು. ಮೈದಾನದ ಪಶುವೈದ್ಯರನ್ನು ಆ ಕ್ಷಣವೇ ಕರೆಯಿರಿ.

ಜಂಪಿಂಗ್‌ನವರು ಕೋರ್ಸ್, ಅಂದರೆ ಜಂಪ್ ಇಟ್ಟಿರುವ ದಾರಿ, ನಡೆದು ನೋಡಲು ಹೋಗಿ. ಇದು ನನಗೆ ಷೋದ ಅತ್ಯಂತ ಇಷ್ಟದ ಹೊತ್ತು. ಬಾವುಟಗಳಲ್ಲಿ ಕೆಂಪು ಬಲಕ್ಕೆ, ಬಿಳಿ ಎಡಕ್ಕೆ ಇರಬೇಕು. ನಿಮ್ಮ ಒಂದು ಹೆಜ್ಜೆ ಸುಮಾರು 90 ಸೆಂಟಿಮೀಟರ್ ಆಗುವಂತೆ ಮನೆಯಲ್ಲೇ ರೂಢಿ ಮಾಡಿಕೊಂಡಿರಿ. ಅಂಥ ನಾಲ್ಕು ಹೆಜ್ಜೆಗೆ ಕುದುರೆಯ ಒಂದು ಕ್ಯಾಂಟರ್ ನೆಗೆತ. ಜಂಪ್ ಇಳಿಯಲು ಎರಡು ಹೆಜ್ಜೆ, ಮುಂದಿನದಕ್ಕೆ ಏರಲು ಎರಡು ಹೆಜ್ಜೆ ಬಿಟ್ಟುಬಿಡಿ. ಎರಡು ಜಂಪಿನ ನಡುವೆ 12 ಹೆಜ್ಜೆ ಬಂತು ಅನ್ನಿ. ನಾಲ್ಕು ಕಳೆದರೆ ಎಂಟು, ಅಂದರೆ ಎರಡು ನೆಗೆತ. ಪೋನಿಗಳಿಗೆ, ಗಿಡ್ಡ ಹೆಜ್ಜೆಯ ಶಾಲಾ ಕುದುರೆಗಳಿಗೆ ಇದು ಬದಲಾಗುತ್ತದೆ. ಲೆಕ್ಕ ಮುಗಿದ ಮೇಲೆ ಒಂದು ಕ್ಷಣ ಕುದುರೆಯ ಕಣ್ಣಿನಿಂದ ನೋಡಿ: ಎಲ್ಲಿ ನೆರಳು ಬಿದ್ದಿದೆ, ಯಾವ ಜಂಪ್ ಹೊರಹೋಗುವ ಬಾಗಿಲ ಕಡೆ ಇದೆ, ಎಲ್ಲಿ ಜನ ಕೂತಿದ್ದಾರೆ. ಅಲ್ಲೆಲ್ಲ ಕುದುರೆಗೆ ನಿಮ್ಮ ಕಾಲಿನ ಧೈರ್ಯ ಬೇಕಾಗುತ್ತದೆ.

8. ವಾರ್ಮ್ ಅಪ್

ಹಲವರ ಖುಷಿ ಕೆಡುವುದು ಇಲ್ಲೇ, ಅರೀನಾದಲ್ಲಲ್ಲ. ಸಣ್ಣ ಜಾಗ, ಎಲ್ಲ ದಿಕ್ಕಿಗೂ ಕುದುರೆಗಳು, ಕೋಚ್‌ಗಳ ಕೂಗು. ನಿಯಮ ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಎದುರು ಬರುವವರಿಗೆ ನಿಮ್ಮ ಎಡಗೈ ಅವರ ಎಡಗೈಗೆ ಎದುರಾಗುವಂತೆ ದಾಟಿ. ನಡೆಸುವವರು ಒಳಗಿನ ಸಾಲಿನಲ್ಲಿರಲಿ, ವೇಗದವರಿಗೆ ಅಂಚು ಬಿಡಿ. ಜಂಪ್ ಹಾರಿಸುವ ಮೊದಲು ಯಾವುದನ್ನು ಅಂತ ಕೂಗಿ ಹೇಳಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಆ ಕುದುರೆ ಒದೆಯುತ್ತದೆ ಅಂತ ಎಚ್ಚರಿಕೆ, ದೂರ ಇರಿ. ನಿಮ್ಮ ಕುದುರೆಗೆ ಆ ಅಭ್ಯಾಸ ಇದ್ದರೆ ನೀವೂ ಕಟ್ಟಿ.

ಎಷ್ಟು ಹೊತ್ತು? ಹೆಚ್ಚಿನ ಶಾಲಾ ಕುದುರೆಗಳಿಗೆ 20ರಿಂದ 30 ನಿಮಿಷ ಸಾಕು, ಅದರಲ್ಲೂ ಅರ್ಧ ವಾಕ್. ಜಂಪಿಂಗ್‌ಗೆ ಆರೇಳು ಹಾರು ಸಾಕು. ಒಂದು ಜಂಪ್ ಚೆನ್ನಾಗಿ ಆಯಿತು ಅಂದರೆ ಅಲ್ಲಿಗೇ ನಿಲ್ಲಿಸಿ.

ಉಸಿರು ಬಿಗಿ ಹಿಡಿಯುವುದು ನಮಗೇ ಗೊತ್ತಾಗುವುದಿಲ್ಲ. ಕುದುರೆಗೆ ಗೊತ್ತಾಗುತ್ತದೆ. ನಿಮ್ಮ ಸೊಂಟ ಬಿಗಿದ ತಕ್ಷಣ ಅದರ ಬೆನ್ನೂ ಬಿಗಿಯುತ್ತದೆ. ನಾಲ್ಕು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ ಅಂತ ಎಣಿಸಿ ಉಸಿರಾಡಿ. ಅದೂ ಆಗದಿದ್ದರೆ ಟ್ರಾಟ್‌ನ ತಾಳಕ್ಕೆ ಹೊಂದುವ ಇಷ್ಟದ ಹಾಡು ಗುನುಗಿ. ಹಾಡುವಾಗ ಉಸಿರು ಕಟ್ಟಲು ಸಾಧ್ಯವೇ ಇಲ್ಲ.

9. ಗಂಟೆ ಹೊಡೆದ ಮೇಲೆ

ಗಂಟೆ ಕೇಳಿದ ಮೇಲೆ ಸಾಮಾನ್ಯವಾಗಿ 45 ಸೆಕೆಂಡು ಇರುತ್ತದೆ. ಅದು ಅಂದುಕೊಂಡದ್ದಕ್ಕಿಂತ ದೀರ್ಘ ಸಮಯ. ಧಾವಂತ ಬೇಡ, ಕುದುರೆಗೆ ತೀರ್ಪುಗಾರರ ಮೇಜು ತೋರಿಸಿಕೊಂಡೇ ತಿರುಗಿ ಬನ್ನಿ. ಡ್ರೆಸಾಜ್‌ನಲ್ಲಿ ಎ ಕಡೆಯಿಂದ ಒಳಗೆ ಬಂದು, ನಿಂತು, ಲಗಾಮನ್ನು ಒಂದು ಕೈಗೆ ತೆಗೆದುಕೊಂಡು, ಇನ್ನೊಂದು ಕೈ ಇಳಿಬಿಟ್ಟು ತಲೆಬಾಗಿ ವಂದಿಸುತ್ತೀರಿ. ಆ ಹೊತ್ತಿನಲ್ಲಿ ಮನಸಾರೆ ನಗಿ. ಮುಖ ಸಡಿಲಾದರೆ ಭುಜವೂ ಸಡಿಲಾಗುತ್ತದೆ.

ದಾರಿ ತಪ್ಪಿದರೆ ತೀರ್ಪುಗಾರರು ಗಂಟೆ ಹೊಡೆದು ಎಲ್ಲಿಂದ ಮುಂದುವರಿಸಬೇಕು ಅಂತ ಹೇಳುತ್ತಾರೆ. ಸ್ವಲ್ಪ ಅಂಕ ಹೋಗುತ್ತದೆ, ಅಷ್ಟೇ. ಜಂಪಿಂಗ್‌ನಲ್ಲಿ ಕೋಲು ಬಿದ್ದರೆ ನಾಲ್ಕು ದಂಡ ಅಂಕ. ಕುದುರೆ ಮೊದಲ ಸಲ ನಿರಾಕರಿಸಿದರೂ ನಾಲ್ಕು. ಎಫ್‌ಇಐ ನಿಯಮದಲ್ಲಿ ಎರಡನೇ ನಿರಾಕರಣೆಗೆ ಹೊರಗೆ, ಸ್ಥಳೀಯ ಕೂಟದಲ್ಲಿ ಬೇರೆ ಇರಬಹುದು. ಕೋಲು ಬಿದ್ದ ಸದ್ದಿಗೆ ತಿರುಗಿ ನೋಡಬೇಡಿ. ಮುಂದಿನ ಜಂಪ್ ಕಾಯುತ್ತಿದೆ.

ನಡುವೆ ನಿಲ್ಲಿಸುವ ಹಕ್ಕು ನಿಮಗೆ ಯಾವಾಗಲೂ ಇದೆ. ಕುದುರೆ ಕುಂಟಿದಂತೆ ಅನ್ನಿಸಿತು, ಭಯದಿಂದ ನಡುಗುತ್ತಿದೆ, ಅಥವಾ ನಿಮಗೇ ಕೈಕಾಲು ಆಡುತ್ತಿಲ್ಲ. ವಾಕ್‌ಗೆ ಇಳಿಸಿ, ತೀರ್ಪುಗಾರರತ್ತ ಕೈ ಎತ್ತಿ ವಂದಿಸಿ, ಹೊರಗೆ ಬನ್ನಿ. ಇದಕ್ಕೆ ‘ರಿಟೈರ್’ ಅನ್ನುತ್ತಾರೆ. ಕುದುರೆ ಬಲ್ಲವರ ಕಣ್ಣಲ್ಲಿ ಇದರಿಂದ ಗೌರವ ಹೆಚ್ಚುತ್ತದೆ. ಸಿಟ್ಟಿನಲ್ಲಿ ಚಾಟಿ ಎತ್ತಿದವರನ್ನು ಯಾರೂ ಮರೆಯುವುದಿಲ್ಲ.

10. ಇಳಿದ ಮೇಲೆ ಮೊದಲು ಕುದುರೆ

ಫಲಿತಾಂಶದ ಬೋರ್ಡ್ ಅಲ್ಲೇ ಇರುತ್ತದೆ. ಮೊದಲು ಜೀನಿನ ಪಟ್ಟಿ ಸಡಿಲಿಸಿ, ರಿಕಾಪು ಮೇಲೆತ್ತಿ, ನಡೆಸಿ. ಸೆಕೆಯಿದ್ದರೆ ಮೈಮೇಲೆ ತಣ್ಣೀರು ಬಿಡದೆ ಸುರಿಯಿರಿ, ಉಸಿರು ಇಳಿಯುವವರೆಗೆ. ಬಿಸಿ ಮೈಗೆ ತಣ್ಣೀರು ಹಾಕಬಾರದು ಅನ್ನುವ ಹಳೆಯ ನಂಬಿಕೆ ಇನ್ನೂ ಹಲವು ಲಾಯಗಳಲ್ಲಿದೆ. ಅದು ಸರಿಯಲ್ಲ. ಬಿಸಿಲ ನಾಡುಗಳಲ್ಲಿ ನಡೆದ ದೊಡ್ಡ ಕೂಟಗಳಲ್ಲಿ ಐಸ್ ನೀರನ್ನೇ ಸುರಿದು ಕುದುರೆಗಳನ್ನು ತಂಪು ಮಾಡಿದ್ದಾರೆ. ನೀರನ್ನೂ ಕುಡಿಯಲು ಬಿಡಿ.

ಮಕ್ಕಳು ಸವಾರಿ ಮಾಡಿ ಬಂದಾಗ ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ಮೊದಲ ಪ್ರಶ್ನೆ ಸ್ಥಾನದ ಬಗ್ಗೆ ಬೇಡ. ‘ಕುದುರೆ ಎಲ್ಲಿ ಚೆನ್ನಾಗಿ ಓಡಿತು, ಪುಟ್ಟಾ?’ ಅಂತ ಕೇಳಿ. ಆಮೇಲೆ ನೀರು, ತಿಂಡಿ. ಪಕ್ಕದ ಮಗುವಿನ ಅಂಕ ಎತ್ತಿ ಆಡಬೇಡಿ.

11. ಅಂಕಪಟ್ಟಿ ಓದುವುದು

ಡ್ರೆಸಾಜ್‌ನ ಪರ್ಸೆಂಟ್ ನೋಡಿ ನಮ್ಮವರು ಎದೆಗುಂದುವುದು ಜಾಸ್ತಿ. ನಾವು ಅದನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹಾಗೆ ಓದುತ್ತೇವೆ. 62 ಬಂತು ಅಂದರೆ ‘ಅಯ್ಯೋ, ಇಷ್ಟೇನಾ?’ ಆದರೆ ಇಲ್ಲಿ ಲೆಕ್ಕವೇ ಬೇರೆ. ಪ್ರತಿ ಚಲನೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಐದು ಅಂದರೆ ಪರವಾಗಿಲ್ಲ, ಆರು ತೃಪ್ತಿಕರ, ಏಳು ಸಾಕಷ್ಟು ಚೆನ್ನ, ಎಂಟು ಚೆನ್ನ. ಹತ್ತು ಬೀಳುವುದು ಅಪರೂಪ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್‌ಗೆ ಹೋದ ಮೊದಲ ಭಾರತೀಯ ಅನುಷ್ ಅಗರ್‌ವಾಲಾ. ಹಿಂದಿನ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಅವರ ಜೊತೆ ತಂಡದ ಚಿನ್ನ ಗೆದ್ದವರು. ಪ್ಯಾರಿಸ್‌ನಲ್ಲಿ ಅವರಿಗೆ ಬಂದ ಅಂಕ 66.444 ಪರ್ಸೆಂಟ್. ಅವರ ಟೆಸ್ಟಿನ ಕಷ್ಟಕ್ಕೂ ನಮ್ಮದಕ್ಕೂ ಹೋಲಿಕೆಯೇ ಇಲ್ಲ, ಆದರೆ ಅಳೆಯುವ ಮಾಪಕ ಒಂದೇ. ಆರಂಭದ ಮಟ್ಟದಲ್ಲಿ 60 ದಾಟಿದರೆ ನಿಮ್ಮ ಬುನಾದಿ ಸರಿ ಇದೆ ಅಂತ ತಿಳಿಯಿರಿ.

ಒಟ್ಟು ಸಂಖ್ಯೆಯನ್ನು ಬೆರಳಿನಿಂದ ಮುಚ್ಚಿ ಪಟ್ಟಿ ಓದಿ. ಬಲಬದಿಯಲ್ಲಿ ತೀರ್ಪುಗಾರರ ಟಿಪ್ಪಣಿಗಳಿರುತ್ತವೆ. ‘ನೇರವಾಗಿಲ್ಲ’, ‘ಲಯ ಚೆನ್ನಾಗಿದೆ’, ‘ತಿರುವಿನಲ್ಲಿ ವೇಗ ಇಳಿಯಿತು’. ಅನುಭವಿ ಕಣ್ಣೊಂದು ಐದು ನಿಮಿಷ ಬರೀ ನಿಮ್ಮನ್ನೇ ನೋಡಿ ಬರೆದ ಮಾತು ಅದು. ಒಂದೇ ಟಿಪ್ಪಣಿ ಎರಡು ಮೂರು ಕಡೆ ಬಂದಿದ್ದರೆ ಮುಂದಿನ ತಿಂಗಳ ಪಾಠ ಸಿಕ್ಕಿತು. ಅದರ ಪಕ್ಕ ನಿಮ್ಮ ಮೂರು ಸಾಲಿನ ಚೀಟಿ ಇಟ್ಟು, ಯಾವುದು ಆಯಿತು ಯಾವುದು ಆಗಲಿಲ್ಲ ಅಂತ ಗುರುತು ಹಾಕಿ.

12. ಮುಂದಿನ ಷೋ ಯಾವಾಗ?

ಮರುದಿನ ಕುದುರೆಗೆ ರಜೆ. ಕಾಲುಗಳ ಮೇಲೆ ಕೈಯಾಡಿಸಿ ಊತ, ಬಿಸಿ ನೋಡಿ. ಆಮೇಲೆ ಒಂದೆರಡು ದಿನ ಬರೀ ವಾಕ್, ಬಯಲಿನಲ್ಲಿ ಸುತ್ತಾಟ.

ಚೀಟಿಯ ಮೂರರಲ್ಲಿ ಎರಡು ಸಾಲು ನೆರವೇರಿದ್ದರೆ ಅದೇ ಮಟ್ಟದಲ್ಲಿ ಇನ್ನೊಂದು ಕೂಟ ಮಾಡಿ. ಮೂರೂ ಆಗಿ, ಕುದುರೆಯೂ ನಿರಾಳವಾಗಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಒಂದೂ ಆಗಲಿಲ್ಲ ಅಂದರೆ ಸ್ಪರ್ಧೆ ಇಲ್ಲದೆ ಬೇರೆ ಮೈದಾನಗಳಿಗೆ ಕರೆದುಕೊಂಡು ಹೋಗಿ ಬನ್ನಿ. ಮತ್ತೆ ಅರ್ಜಿ ತುಂಬಲು ಆತುರ ಇಲ್ಲ.

ನಡುವಿನ ತಿಂಗಳುಗಳಲ್ಲಿ ಒಂದು ಷೋಗೆ ಕುದುರೆ ಇಲ್ಲದೆ ಹೋಗಿ, ಬರಹಗಾರರಾಗಿ ಸಹಾಯ ಮಾಡಿ. ಡ್ರೆಸಾಜ್ ತೀರ್ಪುಗಾರರ ಪಕ್ಕ ಕೂತು ಅವರು ಹೇಳುವ ಅಂಕ, ಟಿಪ್ಪಣಿ ಬರೆದುಕೊಳ್ಳುವ ಕೆಲಸ ಅದು. ಬರೆಯಲು ಒಳ್ಳೆಯವರು ಬೇಕು ಅಂತ ಆಯೋಜಕರು ಹುಡುಕುತ್ತಲೇ ಇರುತ್ತಾರೆ. ಒಂದೆರಡು ವಾರ ಮುಂಚೆ ಫೋನ್ ಮಾಡಿ ಹೆಸರು ಕೊಡಿ. ಕೈಬರಹ ಓದುವಂತಿರಲಿ, ಎರಡು ಪೆನ್ನು ಇಟ್ಟುಕೊಳ್ಳಿ, ಮೊಬೈಲ್ ಆಫ್ ಮಾಡಿ, ಸವಾರಿ ನಡೆಯುವಾಗ ಏನೂ ಕೇಳಬೇಡಿ. ಯಾರಿಗೆ ಎಷ್ಟು ಬಂತು ಅಂತ ಹೊರಗೆ ಹೇಳಬೇಡಿ. ಎರಡು ಕುದುರೆಗಳ ನಡುವಿನ ಬಿಡುವಿನಲ್ಲಿ ‘ಆ ಆರು ಯಾಕೆ ಏಳಾಗಲಿಲ್ಲ?’ ಅಂತ ಕೇಳಿದರೆ ಹೆಚ್ಚಿನ ತೀರ್ಪುಗಾರರು ಖುಷಿಯಿಂದಲೇ ವಿವರಿಸುತ್ತಾರೆ.